ಮಂಡಿಯ ಹಿತಕ್ಕೆ ಸೈಕಲ್ಲಿನ ಗೇರು

ನಲವತ್ತು ದಾಟಿದ ಮೇಲೆ ವೈದ್ಯರ ಸಲಹೆಯಂತೆ ಸೈಕಲ್ ಹಿಡಿದ ನಾನು, ಒಂದು ಭಾನುವಾರ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕನ್ಹೇರಿ ಗುಹೆಗಳ ಏರನ್ನು ಗೇರಿಲ್ಲದ ಸೈಕಲ್ಲಿನಲ್ಲೇ ಹಟದಿಂದ ಹತ್ತಿದೆ. ಮುಂದಿನ ಹದಿನೈದು ದಿನ ಬ್ಯಾಂಕಿನ ಮೆಟ್ಟಿಲುಗಳೇ ಬೆಟ್ಟವಾದವು.

ಕಾರಣ ಸರಳ ಗಣಿತದ್ದು. ಪೆಡಲಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ 28 ಅಂಗುಲದ ಗಾಲಿಯ ಸೈಕಲ್ಲು ಐದು ಮೀಟರಿಗೂ ಮಿಗಿಲಾಗಿ ಸಾಗುತ್ತದೆ. ಎರಡೂ ಕಡೆ 32 ಹಲ್ಲುಗಳಿದ್ದರೆ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಏರಿನ ಒಟ್ಟು ಶ್ರಮವೇನೂ ತಗ್ಗದು. ಸಾಲವನ್ನು ಚಿಕ್ಕ ಕಂತುಗಳಲ್ಲಿ ತೀರಿಸಿದಂತೆ ಪ್ರತಿ ತುಳಿತದ ಭಾರ ಇಳಿಯುತ್ತದೆ. (ಇಲ್ಲಿ ಬಡ್ಡಿಯಿಲ್ಲವೆಂಬುದೇ ಸಮಾಧಾನ!)

ಮಾಟುಂಗಾದಿಂದ ಫೋರ್ಟಿನವರೆಗೆ ರಸ್ತೆ ಬಹುಮಟ್ಟಿಗೆ ಸಮತಟ್ಟು. ಅಲ್ಲಿಗೆ ಒಂದೇ ಗೇರು ಸಾಕು. ಮಳೆಗಾಲದಲ್ಲಿ ಕೆಸರು, ತುಕ್ಕುಗಳಿಗೆ ಸಿಗುವ ಬಿಡಿಭಾಗಗಳೂ ಕಡಿಮೆ. ಮಲಬಾರ್ ಹಿಲ್ಲಿನಂಥ ಏರುಗಳಿಗೆ ಮಾತ್ರ ಹಲವು ಗೇರುಗಳ ಸೈಕಲ್ಲೇ ಲೇಸು. ಆದರೆ ಏರು ಆರಂಭವಾಗುವ ಮೊದಲೇ, ಹಗುರವಾಗಿ ತುಳಿಯುತ್ತಾ ಗೇರು ಬದಲಿಸಬೇಕು; ಬಲವಾಗಿ ತುಳಿಯುವಾಗ ಬದಲಿಸಿದರೆ ಚೈನು ಜಾರುತ್ತದೆ.

ಈಗ ನಾನು ಕನ್ಹೇರಿಗೆ ಅತಿ ಹಗುರದ ಗೇರಿನಲ್ಲೇ ಹೋಗುತ್ತೇನೆ. ಮಕ್ಕಳು ಮುಂದೆ ಹೋಗಿ ಕಾಯುತ್ತಾರೆ. ಸೋಮವಾರ ಮಂಡಿ ದೂರುವುದಿಲ್ಲ.