ಬಾಳೆಹಣ್ಣಿಲ್ಲದ ಬಾಳೆಹಣ್ಣಿನ ಘಮ

ಈ ಗೋಧಿ ಬಿಯರ್ ಗ್ಲಾಸ್‌ನಲ್ಲಿ ಬಾಳೆಹಣ್ಣಿನ ಘಮ. ಒಳಗೆ ಬಾಳೆಹಣ್ಣೇ ಇಲ್ಲ! ಎಲ್ಲಾ ಯೀಸ್ಟ್‌ನ ಕೈಚಳಕ.

ನಮಗೆ ಬಿಯರ್ ಅಂದ್ರೆ ಲಾಗರ್. ಬಂಟ್ವಾಳ ಮೂಲದ ವಿಠ್ಠಲ ಮಲ್ಯ 1947ರಲ್ಲಿ ಯುನೈಟೆಡ್ ಬ್ರೂವರೀಸ್‌ನ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ಕಂಪನಿಯ ಕಿಂಗ್‌ಫಿಷರ್ ದೇಶದ ನಾಲಿಗೆಯನ್ನೇ ಪಳಗಿಸಿತು.

ಲಾಗರ್ ಸುಮಾರು 10 ಡಿಗ್ರಿ ತಂಪಲ್ಲಿ ನಿಧಾನಕ್ಕೆ ಹುದುಗಿ, ವಾರಗಟ್ಟಲೆ ಮಾಗಬೇಕು. ಗೋಧಿ ಬಿಯರ್‌ನ ಯೀಸ್ಟಿಗೆ 20 ಡಿಗ್ರಿ ಆಸುಪಾಸಿನ ಬಿಸುಪು ಬೇಕು. ಬೇಗ ಕೆಲಸ ಮುಗಿಸಿ ಬಾಳೆಹಣ್ಣು, ಲವಂಗದ ವಾಸನೆ ಬಿಟ್ಟುಹೋಗುತ್ತೆ.

2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಎಂಬ ಮೈಕ್ರೋಬ್ರೂವರಿ ಶುರುವಾಯ್ತು. ಆಮೇಲೆ ಆ ಗಾಳಿ ಘಟ್ಟ ಇಳಿದು ಮಂಗಳೂರಿಗೂ ಬಂತು. ಮೈಕ್ರೋಬ್ರೂವರಿಯಲ್ಲಿ ಬಿಯರ್ ಟ್ಯಾಂಕಿನಿಂದ ನೇರ ಗ್ಲಾಸಿಗೆ. ತಾಜಾ ಕಳ್ಳು ಕಂಡ ಊರಿಗೆ ಇದೇನು ಹೊಸದಲ್ಲ ಬಿಡಿ, ಬೆಲೆ ಮಾತ್ರ ಹೊಸದು!

ಕಾಣೆ ಮೀನಿನ ಫ್ರೈ ಜೊತೆ ಯಾವುದು, ಲಾಗರೋ ಗೋಧಿ ಬಿಯರೋ? ನನ್ನ ಓಟು ಗೋಧಿಗೇ.