ಬೆಂಡೆಕಾಯಿಯ ಹೂ

ಈ ಸಲದ ಸಂಕ್ರಾಂತಿಗೆ ಹಳೆಯ ಗೆಳೆಯನೊಬ್ಬನಿಗೆ ಶುಭಾಶಯ ಪತ್ರವೊಂದನ್ನು ಕೈಯಾರೆ ಮಾಡಿ ಕಳುಹಿಸಿದೆ. ಎಂ.ಎ. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಹಳಗನ್ನಡದ ಒಂದು ಪದದ ಅರ್ಥವನ್ನು ಕುರಿತು ಎದ್ದ ವಾದ, ಮಾತು ಬಿಡುವವರೆಗೂ ಬೆಳೆದು ಆರು ವರ್ಷಗಳಾಗಿದ್ದವು. (ಅಧ್ಯಾಪಕರ ಜಗಳಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.) ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ಹಬ್ಬವೇನೋ ಹೌದು, ಆದರೆ ಮಾತೇ ಬಿಟ್ಟವನಿಗೆ ಏನೆಂದು ಬರೆಯುವುದು?

ಅಂಗಡಿಯ ಕಾರ್ಡನ್ನು ಕೊಳ್ಳಬಹುದಾಗಿತ್ತು. ಆದರೆ ಅಂಥ ಕಾರ್ಡು ಹುಟ್ಟಿದ್ದೇ ಪುರುಸೊತ್ತಿಲ್ಲದವನೊಬ್ಬನ ಅವಸರದಿಂದ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ, ಕ್ರಿಸ್‌ಮಸ್ಸಿಗೆ ಬಂಧುಮಿತ್ರರಿಗೆಲ್ಲ ಬೇರೆ ಬೇರೆ ಕಾಗದ ಬರೆಯಲಾರದೆ, ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಸುಮಾರು 1000 ಪ್ರತಿಗಳನ್ನು ಅಚ್ಚುಹಾಕಿಸಿದ. ಬಣ್ಣವನ್ನು ಮಾತ್ರ ಕೈಯಿಂದಲೇ ತುಂಬಿಸಬೇಕಾಯಿತು. ಒಂದಕ್ಕೆ ಒಂದು ಷಿಲಿಂಗ್ ಬೆಲೆ. ಆರು ವರ್ಷಗಳ ಮೌನಕ್ಕೆ ಅದು ಸಾಲದೆಂದು ನನಗೆ ತೋರಿತು.

ನನಗೆ ಚಿತ್ರ ಬರೆಯಲು ಬಾರದು. ಆದರೆ ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಐದು ದಳದ ಹೂವಿನ ಅಚ್ಚು ಸಿದ್ಧವಾಗಿಯೇ ಸಿಗುತ್ತದೆ. ಮೊದಲ ಅಚ್ಚು ಲೋಳೆಯಿಂದ ಕೆಟ್ಟಿತು. ಕೊಯ್ದ ಮುಖವನ್ನು ಬಟ್ಟೆಗೆ ಒತ್ತಿ ಆರಲು ಬಿಡಬೇಕು. ಎರಡನೆಯದಕ್ಕೆ ನೀರು ಹೆಚ್ಚಾಗಿ ಬಣ್ಣ ಮಡುಗಟ್ಟಿತು. ಜಲವರ್ಣವನ್ನು ಗಟ್ಟಿಯಾಗಿ ಕಲಸಿ, ಕುಂಚದಿಂದ ತೆಳುವಾಗಿ ಸವರಿ, ತುಸು ಒರಟಾದ ದಪ್ಪ ಕಾಗದದ ಮೇಲೆ ಅಲುಗಿಸದೆ ಒತ್ತಿ, ನೇರವಾಗಿ ಮೇಲೆತ್ತಬೇಕು.

ನನ್ನ ಮನಸ್ಸನ್ನು ಸೆಳೆದದ್ದು ಈ ಬಣ್ಣದ ಇನ್ನೊಂದು ಗುಣ. ಜಲವರ್ಣದ ಪುಡಿಯನ್ನು ಹಿಡಿದಿರುವುದು ಗೋಂದು. ಅದು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಒಣಗಿದ ಅಚ್ಚಿನ ಅಂಚಿಗೆ ಒದ್ದೆ ಕುಂಚವನ್ನು ಸೋಕಿಸಿದರೆ ಗಡುಸಾದ ಗೆರೆ ಸಡಿಲಗೊಂಡು, ಬಣ್ಣ ಮೆಲ್ಲಗೆ ದಳದೊಳಕ್ಕೆ ಹರಡುತ್ತದೆ. ಮುದ್ರೆಯೆಂದರೆ ಒತ್ತಿದಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಇಲ್ಲಿ ತಿದ್ದುವುದಕ್ಕೆ ಇನ್ನೂ ಎಡೆಯಿತ್ತು. ಅತಿಯಾಗಿ ತಿದ್ದಿದರೆ ಎಲ್ಲವೂ ಕೆಸರು. ಮೂರನೆಯದನ್ನೂ ನಾಲ್ಕನೆಯದನ್ನೂ ಹಾಗೆಯೇ ಕೆಡಿಸಿದೆ.

ಐದನೆಯದರ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕೆಂಪು ಗುರುತು ಬಿದ್ದಿತು. ಅಷ್ಟು ಹೊತ್ತಿಗೆ ಮನೆಯಲ್ಲಿ ಹುಳಿಗೂ ಬೆಂಡೆಕಾಯಿ ಉಳಿದಿರಲಿಲ್ಲ. ಅದನ್ನೇ ಲಕೋಟೆಯಲ್ಲಿಟ್ಟು, ಹೆಸರಿನ ಹೊರತು ಬೇರೇನನ್ನೂ ಬರೆಯದೆ ಅಂಚೆಗೆ ಹಾಕಿದೆ.

ಹಬ್ಬ ಕಳೆದ ನಾಲ್ಕನೆಯ ದಿನ ಫೋನು ಬಂದಿತು. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ.

“ಅದು ಯಾವ ಹೂವಯ್ಯಾ?”

“ಬೆಂಡೆಕಾಯಿ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಆ ಪದಕ್ಕೆ ತಾನು ಹೇಳಿದ ಅರ್ಥವೇ ಸರಿ ಎಂದ.