ಮ್ಯಾಂಡರಿನ್ ಮೀನಿನ ಸಾಕಣೆ

ಮ್ಯಾಂಡರಿನ್ ಮೀನು (ವೈಜ್ಞಾನಿಕ ಹೆಸರು: ಸಿಂಕಿರೋಪಸ್ ಸ್ಪ್ಲೆಂಡಿಡಸ್) ಪಶ್ಚಿಮ ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ವಾಸಿಸುವ ಚಿಕ್ಕ ಸಮುದ್ರ ಮೀನು. ನೀಲಿ, ಕಿತ್ತಳೆ ಮತ್ತು ಹಸಿರು ಬಣ್ಣಗಳ ಅಲೆಯಂತಹ ಗೆರೆಗಳಿಂದಾಗಿ ಉಪ್ಪುನೀರಿನ ಅಕ್ವೇರಿಯಂ ಇಡುವವರಲ್ಲಿ ಇದಕ್ಕೆ ಬಹಳ ಬೇಡಿಕೆಯಿದೆ. ಆದರೆ ಸಮುದ್ರದಿಂದ ಹಿಡಿದು ತಂದ ಮ್ಯಾಂಡರಿನ್ ಮೀನುಗಳಲ್ಲಿ ಅನೇಕವು ಮನೆಯ ತೊಟ್ಟಿ ಸೇರಿದ ಕೆಲವೇ ತಿಂಗಳುಗಳಲ್ಲಿ ಸಾಯುತ್ತವೆ. ಈ ಸಾವಿಗೆ ಮುಖ್ಯ ಕಾರಣ ರೋಗವಲ್ಲ, ಹಸಿವು. ಆದ್ದರಿಂದ ಈ ಮೀನಿನ ಸಾಕಣೆಯೆಂದರೆ ಬಹುಮಟ್ಟಿಗೆ ಅದರ ಆಹಾರವಾದ ಸೂಕ್ಷ್ಮ ಜೀವಿಗಳ ಸಾಕಣೆಯೇ ಆಗಿದೆ.

ವಿವರಣೆ

ಮ್ಯಾಂಡರಿನ್ ಮೀನು ಕ್ಯಾಲಿಯೋನಿಮಿಡೇ ಕುಟುಂಬಕ್ಕೆ ಸೇರಿದೆ. ಅಮೆರಿಕದ ಮತ್ಸ್ಯವಿಜ್ಞಾನಿ ಆಲ್ಬರ್ಟ್ ಹೆರ್ 1927ರಲ್ಲಿ ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದರು. ಚೀನಾ ಸಾಮ್ರಾಜ್ಯದ ಮ್ಯಾಂಡರಿನ್ ಅಧಿಕಾರಿಗಳ ಬಣ್ಣದ ನಿಲುವಂಗಿಯನ್ನು ಹೋಲುವುದರಿಂದ ಈ ಹೆಸರು ಬಂದಿದೆ. ಜಪಾನಿನ ರ್‍ಯುಕ್ಯು ದ್ವೀಪಗಳಿಂದ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಮೂಲಕ ಆಸ್ಟ್ರೇಲಿಯಾದವರೆಗೆ ಇದರ ನೆಲೆ ಹರಡಿದೆ. ಇದು ಭಾರತದ ಕರಾವಳಿಯ ಮೀನಲ್ಲ.

ಇದರ ಉದ್ದ ಸಾಮಾನ್ಯವಾಗಿ 6ರಿಂದ 8 ಸೆಂಟಿಮೀಟರ್. ಮೈಮೇಲೆ ಹುರುಪೆಗಳಿಲ್ಲ; ಅದರ ಬದಲಿಗೆ ದಪ್ಪನೆಯ, ಕೆಟ್ಟ ವಾಸನೆಯ ಲೋಳೆಯ ಹೊದಿಕೆಯಿದ್ದು ಶತ್ರುಗಳಿಂದ ರಕ್ಷಣೆ ನೀಡುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ನೀಲಿ ಬಣ್ಣವು ಬೆಳಕಿನ ಚದುರುವಿಕೆಯಿಂದ ಕಾಣಿಸಿಕೊಳ್ಳುತ್ತದೆ. ಮ್ಯಾಂಡರಿನ್ ಮೀನಿನಲ್ಲಿ ಮಾತ್ರ ಚರ್ಮದ ಜೀವಕೋಶಗಳಲ್ಲಿಯೇ ನಿಜವಾದ ನೀಲಿ ವರ್ಣದ್ರವ್ಯವಿದೆ. ಕಶೇರುಕಗಳಲ್ಲಿ ಇಂತಹ ಉದಾಹರಣೆಗಳು ತೀರ ವಿರಳ.

ಆಹಾರ ಕ್ರಮ

ಮ್ಯಾಂಡರಿನ್ ಮೀನು ಹಗಲಿಡೀ ಕಲ್ಲು, ಮರಳುಗಳ ಮೇಲೆ ನಿಧಾನವಾಗಿ ಸಾಗುತ್ತ ಒಂದೊಂದೇ ಸೂಕ್ಷ್ಮ ಜೀವಿಯನ್ನು ಹೆಕ್ಕಿ ತಿನ್ನುತ್ತದೆ. ಕೋಪೆಪಾಡ್ ಎಂಬ ಅತಿ ಚಿಕ್ಕ ಕಠಿಣಚರ್ಮಿಗಳು ಇದರ ಮುಖ್ಯ ಆಹಾರ. ಸಣ್ಣ ಹುಳುಗಳು, ಆಂಫಿಪಾಡ್‌ಗಳು, ಮರಿ ಬಸವನಹುಳುಗಳು ಮತ್ತು ಮೀನಿನ ಮೊಟ್ಟೆಗಳನ್ನೂ ತಿನ್ನುತ್ತದೆ. ದಿನಕ್ಕೆ ಒಂದೆರಡು ಬಾರಿ ನೀರಿಗೆ ಹಾಕುವ ಒಣ ಆಹಾರವನ್ನು ಸಮುದ್ರದಲ್ಲಿ ಬೆಳೆದ ಮೀನು ಸಾಮಾನ್ಯವಾಗಿ ಆಹಾರವೆಂದು ಗುರುತಿಸುವುದೇ ಇಲ್ಲ.

ಹೊಸ ತೊಟ್ಟಿಗೆ ಬಿಟ್ಟ ಮೀನು ಮೊದಲ ಕೆಲವು ವಾರ ಅಲ್ಲಿರುವ ಕೋಪೆಪಾಡ್‌ಗಳನ್ನು ತಿಂದು ಚಟುವಟಿಕೆಯಿಂದಿರುತ್ತದೆ. ಅವು ಮುಗಿದ ಮೇಲೂ ಕಲ್ಲುಗಳನ್ನು ಹುಡುಕುತ್ತಲೇ ಇರುವುದರಿಂದ ನೋಡುವವರಿಗೆ ಅದು ತಿನ್ನುತ್ತಿರುವಂತೆಯೇ ಕಾಣುತ್ತದೆ. ಬಣ್ಣವೂ ಬೇಗ ಮಾಸುವುದಿಲ್ಲ. ಹೊಟ್ಟೆ ಒಳಕ್ಕೆ ಸೇದಿಕೊಳ್ಳುವುದು ಮತ್ತು ತಲೆಯ ಹಿಂಭಾಗದ ಬೆನ್ನು ಬತ್ತುವುದು ಹಸಿವಿನ ಲಕ್ಷಣಗಳು. ಇವು ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಮೀನನ್ನು ಉಳಿಸಿಕೊಳ್ಳುವುದು ಕಷ್ಟ.

ತೊಟ್ಟಿಯ ಸಿದ್ಧತೆ

ಒಂದು ಮೀನಿಗೆ ಕನಿಷ್ಠ 250 ಲೀಟರ್ ನೀರು ಹಿಡಿಯುವ, ಸಾಕಷ್ಟು ಕಲ್ಲುಗಳಿರುವ ತೊಟ್ಟಿ ಬೇಕೆಂದು ಅನುಭವಿ ಸಾಕಣೆದಾರರು ಹೇಳುತ್ತಾರೆ. ಮೀನಿಗೆ ಬೇಕಾದ ಸ್ಥಳಕ್ಕಿಂತ ಕೋಪೆಪಾಡ್‌ಗಳು ಮರಿಯಾಗಿ ಬೆಳೆಯಲು ಬೇಕಾದ ಸ್ಥಳವೇ ಈ ಲೆಕ್ಕಕ್ಕೆ ಆಧಾರ.

ಯಾವುದೇ ಹೊಸ ತೊಟ್ಟಿಯಲ್ಲಿ ಮೊದಲು ಸಾರಜನಕ ಚಕ್ರ ನೆಲೆಗೊಳ್ಳಬೇಕು. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಟ್ಟಿಮುಟ್ಟಾದ ಮೀನುಗಳಿಗೆ ಇಷ್ಟು ಸಾಕು. ಮ್ಯಾಂಡರಿನ್ ಮೀನಿಗೆ 6 ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕಾಗುತ್ತದೆ.

ಮುಖ್ಯ ತೊಟ್ಟಿಯೊಂದಿಗೆ ಕೊಳವೆಯ ಮೂಲಕ ಸೇರಿಸಿದ ಮತ್ತೊಂದು ಚಿಕ್ಕ ತೊಟ್ಟಿಯಲ್ಲಿ ಸಮುದ್ರ ಪಾಚಿಯನ್ನು ಬೆಳೆಸುವುದು ಉತ್ತಮ ಕ್ರಮ. ಮೀನು ತಲುಪಲಾರದ ಈ ಆಶ್ರಯದಲ್ಲಿ ಟಿಸ್ಬೆ, ಟಿಗ್ರಿಯೋಪಸ್ ಮುಂತಾದ ಕೋಪೆಪಾಡ್‌ಗಳು ವೃದ್ಧಿಯಾಗಿ ನೀರಿನೊಂದಿಗೆ ಮುಖ್ಯ ತೊಟ್ಟಿಗೆ ಹರಿದು ಬರುತ್ತವೆ. ಅವುಗಳ ಆಹಾರಕ್ಕೆ ನ್ಯಾನೋಕ್ಲೋರಾಪ್ಸಿಸ್‌ನಂತಹ ಸೂಕ್ಷ್ಮ ಪಾಚಿಯನ್ನು ಬಾಟಲಿಗಳಲ್ಲಿ ಬೆಳೆಸಿ ಹಾಕಬಹುದು. ದೀಪ ಆರಿಸಿದ ಒಂದೆರಡು ಗಂಟೆಯ ನಂತರ ಟಾರ್ಚ್ ಬೆಳಕಿನಲ್ಲಿ ಗಾಜನ್ನು ನೋಡಿದಾಗ ಬಿಳಿಯ ಚುಕ್ಕೆಗಳು ಹೇರಳವಾಗಿ ಓಡಾಡುತ್ತಿದ್ದರೆ ತೊಟ್ಟಿಯಲ್ಲಿ ಆಹಾರವಿದೆ ಎಂದು ತಿಳಿಯಬಹುದು.

ನೀರಿನ ಗುಣಮಟ್ಟ

ಸಮುದ್ರದ ಮೀನಿನ ದೇಹದ ದ್ರವಕ್ಕಿಂತ ಸುತ್ತಲಿನ ನೀರು ಹೆಚ್ಚು ಉಪ್ಪಾಗಿರುತ್ತದೆ. ಆದ್ದರಿಂದ ದೇಹದಿಂದ ನೀರು ಸದಾ ಹೊರಹೋಗುತ್ತದೆ. ಮೀನು ಉಪ್ಪುನೀರನ್ನು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಿ ಸಮತೋಲ ಕಾಯ್ದುಕೊಳ್ಳುತ್ತದೆ. ಉಪ್ಪಿನ ಪ್ರಮಾಣ ಥಟ್ಟನೆ ಬದಲಾದರೆ ಈ ಸಮತೋಲ ಕೆಡುತ್ತದೆ.

ಲೀಟರಿಗೆ ಸುಮಾರು 35 ಗ್ರಾಂ ಲವಣ, 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 8.1ರಿಂದ 8.4ರಷ್ಟು ಪಿಎಚ್ ಸೂಕ್ತ. ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯಲ್ಲಿ ಶೂನ್ಯವಾಗಿರಬೇಕು. ಅಡುಗೆ ಉಪ್ಪಿನಿಂದ ಸಮುದ್ರದ ನೀರು ತಯಾರಾಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವೂ ಸರಿಯಾದ ಪ್ರಮಾಣದಲ್ಲಿರುವ ಅಕ್ವೇರಿಯಂ ಉಪ್ಪಿನ ಮಿಶ್ರಣವನ್ನೇ ಬಳಸಬೇಕು. 250 ಲೀಟರ್ ನೀರಿಗೆ ಸುಮಾರು 9 ಕಿಲೋಗ್ರಾಂ ಮಿಶ್ರಣ ಬೇಕಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಪ್ರತಿದಿನ ಕಡಿಮೆಯಾದ ಭಾಗವನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು.

ಒಳನಾಡಿನಲ್ಲಿ ಸಾಕಣೆ: ಶಿಕಾರಿಪುರ ಮತ್ತು ಸೊರಬ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ನಾಡು. ಕುಮುದ್ವತಿ, ದಂಡಾವತಿ, ವರದಾ ನದಿಗಳು ಇಲ್ಲಿ ಹರಿಯುತ್ತವೆ. ಬೇಸಿಗೆಯಲ್ಲಿ ನೀರು ಇಳಿದ ಕೆರೆಗಳಲ್ಲಿ ಊರಿನವರೆಲ್ಲ ಸೇರಿ ಮೀನು ಹಿಡಿಯುವ ಕೆರೆಬೇಟೆ ಈ ಭಾಗದ ಪದ್ಧತಿ. ಇಲ್ಲಿನ ಮೀನಿನ ತಿಳಿವಳಿಕೆಯೆಲ್ಲ ಸಿಹಿನೀರಿನದು. ಘಟ್ಟದ ಮೇಲಿನ ಇಂತಹ ಊರುಗಳಲ್ಲಿ ಉಪ್ಪುನೀರಿನ ತೊಟ್ಟಿಯನ್ನು ಇಡುವವರು ಕೆಲವು ಸ್ಥಳೀಯ ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಕುಮಟಾ, ಹೊನ್ನಾವರ ಕಡೆಯಿಂದ ಸಮುದ್ರದ ನೀರನ್ನು ಕ್ಯಾನುಗಳಲ್ಲಿ ತರುವುದು ಸುಲಭವೆಂದು ತೋರಿದರೂ ಅದು ನಂಬತಕ್ಕದ್ದಲ್ಲ. ಅಘನಾಶಿನಿ, ಶರಾವತಿಗಳು ಅಲ್ಲಿ ಸಮುದ್ರ ಸೇರುವುದರಿಂದ ಮಳೆಗಾಲದಲ್ಲಿ ದಡದ ನೀರು ಸಪ್ಪೆಯಾಗಿ, ಕೆಸರಿನಿಂದ ಕೂಡಿರುತ್ತದೆ. ಮನೆಯಲ್ಲಿಯೇ ಮಿಶ್ರಣ ತಯಾರಿಸುವುದು ಹೆಚ್ಚು ಸುರಕ್ಷಿತ. ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣಗಳೂ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಕೂಡ ಇರಬಹುದಾದ್ದರಿಂದ ಆರ್‌ಓ ಯಂತ್ರದಲ್ಲಿ ಶೋಧಿಸಿದ ನೀರನ್ನು ಬಳಸಬೇಕು. ಕುಡಿಯುವ ನೀರಿನ ಕೆಲವು ಆರ್‌ಓ ಯಂತ್ರಗಳು ಶೋಧನೆಯ ನಂತರ ಮತ್ತೆ ಲವಣಗಳನ್ನು ಸೇರಿಸುತ್ತವೆ. ಅಂತಹ ನೀರು ಈ ಕೆಲಸಕ್ಕೆ ತಕ್ಕುದಲ್ಲ.

ತಾಮ್ರದ ಅಪಾಯ ಅಡಿಕೆ ತೋಟಗಳಿರುವ ಈ ಪ್ರದೇಶದಲ್ಲಿ ವಿಶೇಷವಾದುದು. ಅಡಿಕೆಯ ಕೊಳೆರೋಗದ ತಡೆಗಾಗಿ ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅತ್ಯಲ್ಪ ಪ್ರಮಾಣದ ತಾಮ್ರವೂ ಕೋಪೆಪಾಡ್‌ಗಳಿಗೆ ಮಾರಕ. ಅವು ಸತ್ತರೆ ಮೀನು ಹಸಿವಿನಿಂದ ಸಾಯುತ್ತದೆ. ಆದ್ದರಿಂದ ದ್ರಾವಣ ಕದಡಿದ ಬಕೆಟ್, ಡ್ರಮ್ಮುಗಳನ್ನು ಎಷ್ಟೇ ತೊಳೆದಿದ್ದರೂ ಅಕ್ವೇರಿಯಂ ಕೆಲಸಕ್ಕೆ ಬಳಸಬಾರದು. ಸಿಂಪಡಣೆಯ ದಿನಗಳಲ್ಲಿ ತೋಟದ ಪಕ್ಕದ ಮನೆಯ ಸೂರಿನಿಂದ ಹಿಡಿದ ಮಳೆನೀರು, ತಾಮ್ರದ ಹಂಡೆಯಲ್ಲಿ ಇಟ್ಟ ನೀರು ಇವನ್ನೂ ಬಿಡಬೇಕು. ಔಷಧ ಸಿಂಪಡಿಸಿ ಬಂದವರು ಕೈ ತೊಳೆಯದೆ ತೊಟ್ಟಿಯನ್ನು ಮುಟ್ಟಬಾರದು.

ಮಳೆಗಾಲದ ಗಾಳಿಮಳೆಗೆ ವಿದ್ಯುತ್ ಗಂಟೆಗಟ್ಟಲೆ ಹೋಗುವುದುಂಟು. ನೀರಿನ ಚಲನೆ ನಿಂತರೆ ಆಮ್ಲಜನಕ ಕಡಿಮೆಯಾಗಿ ಮೀನು ಮತ್ತು ಬ್ಯಾಕ್ಟೀರಿಯಾ ಎರಡಕ್ಕೂ ತೊಂದರೆಯಾಗುತ್ತದೆ. ನೀರೆತ್ತುವ ಚಿಕ್ಕ ಪಂಪನ್ನು ಇನ್ವರ್ಟರ್‌ಗೆ ಜೋಡಿಸುವುದು ಅಥವಾ ಬ್ಯಾಟರಿಯ ಗಾಳಿ ಪಂಪನ್ನು ಸಿದ್ಧವಾಗಿಡುವುದು ಅಗತ್ಯ. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬೀಸಿದರೆ ಉಷ್ಣತೆ 2–3 ಡಿಗ್ರಿ ಇಳಿಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಹೀಟರ್ ಬೇಕಾಗುತ್ತದೆ.

ಮೀನಿನ ಆಯ್ಕೆ ಮತ್ತು ಒಡನಾಡಿಗಳು

ಕೊಳ್ಳುವಾಗ ಹೊಟ್ಟೆ ತುಂಬಿದಂತಿರುವ, ಚುರುಕಾಗಿ ಹೆಕ್ಕುತ್ತಿರುವ ಮೀನನ್ನು ಆರಿಸಬೇಕು. ಸಂವರ್ಧನಾ ಕೇಂದ್ರದಲ್ಲಿಯೇ ಹುಟ್ಟಿ ಬೆಳೆದ ಮೀನು ಸಿಕ್ಕರೆ ಅದೇ ಮೇಲು. ಅಂತಹವು ಶೀತಲೀಕರಿಸಿದ ಆಹಾರವನ್ನು ಬೇಗ ಒಪ್ಪಿಕೊಳ್ಳುತ್ತವೆ. ಆಗತಾನೆ ಮರಿಯಾದ ಆರ್ಟೀಮಿಯಾ ಸಿಗಡಿಯನ್ನು ಪೂರಕವಾಗಿ ಕೊಡಬಹುದು. ಗಂಡು ಮೀನಿನ ಬೆನ್ನಿನ ಮೊದಲ ರೆಕ್ಕೆಯಲ್ಲಿ ಉದ್ದನೆಯ ಮುಳ್ಳಿರುತ್ತದೆ. ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕಾದಾಡಿ ಒಂದು ಸಾಯಬಹುದು. ಕೋಪೆಪಾಡ್‌ಗಳನ್ನು ವೇಗವಾಗಿ ತಿನ್ನುವ ರ್‍ಯಾಸ್ ಜಾತಿಯ ಮೀನುಗಳು ಇದರ ಜೊತೆಗೆ ತಕ್ಕವಲ್ಲ.

ಹೊಂದಿಕೊಂಡ ಜೋಡಿಯು ಸಂಜೆಯ ಹೊತ್ತಿಗೆ ಮೈಗೆ ಮೈ ತಾಗಿಸಿ ಮೇಲಕ್ಕೇರಿ ನೀರಿನಲ್ಲಿ ಮೊಟ್ಟೆ ಬಿಡುತ್ತದೆ. ಮೊಟ್ಟೆಗಳು ಒಂದು ದಿನದೊಳಗೆ ಒಡೆಯುತ್ತವೆ. ತಂದೆ ತಾಯಿ ಮೀನುಗಳು ಮರಿಗಳನ್ನು ಕಾಯುವುದಿಲ್ಲ.

ಕಾನೂನು ಮತ್ತು ಸಂರಕ್ಷಣೆ

ವಿದೇಶಿ ಅಲಂಕಾರಿಕ ಮೀನುಗಳನ್ನು ಪರವಾನಗಿ ಮತ್ತು ಆರೋಗ್ಯ ಪ್ರಮಾಣಪತ್ರದೊಂದಿಗೆ ಮಾತ್ರ ಆಮದು ಮಾಡಿಕೊಳ್ಳಬೇಕು. ಗಟ್ಟಿ ಹವಳಗಳು ಮತ್ತು ಕಡಲಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪವಾಗಲಿ ಬೇರಾವುದೇ ಕಡಲತೀರವಾಗಲಿ, ಅಲ್ಲಿಂದ ಹವಳದ ಕಲ್ಲನ್ನು ತಂದು ತೊಟ್ಟಿಯನ್ನು ಅಲಂಕರಿಸುವುದು ಅಪರಾಧ. ಕೃತಕ ಕಲ್ಲು ಅಥವಾ ಸೆರಾಮಿಕ್ ತುಂಡುಗಳ ಮೇಲೆಯೂ ಬ್ಯಾಕ್ಟೀರಿಯಾ ಮತ್ತು ಕೋಪೆಪಾಡ್‌ಗಳು ಚೆನ್ನಾಗಿ ನೆಲೆಸುತ್ತವೆ.

ಆಹಾರದ ಏರ್ಪಾಡು ಮಾಡಲಾಗದವರಿಗೆ ಕ್ಲೌನ್ ಮೀನು ಉತ್ತಮ ಪರ್ಯಾಯ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಹೀಗೆ ಬೆಳೆದ ಮೀನುಗಳು ಒಣ ಆಹಾರವನ್ನು ತಿನ್ನುತ್ತವೆ, ಚಿಕ್ಕ ತೊಟ್ಟಿಗೂ ಹೊಂದಿಕೊಳ್ಳುತ್ತವೆ. ಅವುಗಳನ್ನು ಸಾಕುವುದಕ್ಕಾಗಿ ಸಮುದ್ರದಿಂದ ಮೀನು ಹಿಡಿಯಬೇಕಾದ ಅಗತ್ಯವೂ ಇರುವುದಿಲ್ಲ.